ನೂರರಲ್ಲಿ 94 ಮಂದಿ ‘ಬರಲಿ’ ಅಂದಿದ್ದರು

2022ರ ಮಾರ್ಚ್ ತಿಂಗಳಲ್ಲಿ ಪೋಲೆಂಡಿನ ಜನಾಭಿಪ್ರಾಯ ಸಮೀಕ್ಷೆ ಸಂಸ್ಥೆ ಸಿಬಿಒಎಸ್ ತನ್ನ ನಾಡಿನವರನ್ನು ಕೇಳಿತು: ಉಕ್ರೇನಿನ ಯುದ್ಧದಿಂದ ಜೀವ ಉಳಿಸಿಕೊಂಡು ಬರುತ್ತಿರುವವರನ್ನು ನಾವು ಒಳಗೆ ಬಿಟ್ಟುಕೊಳ್ಳಬೇಕೇ? ನೂರರಲ್ಲಿ 94 ಮಂದಿ ಬರಲಿ ಅಂದರು. ಚರ್ಚು, ಗರ್ಭಪಾತ, ನ್ಯಾಯಾಂಗ, ಯುರೋಪ್ ಒಕ್ಕೂಟ ಎಂದು ಯಾವ ವಿಷಯ ಎತ್ತಿದರೂ ಎರಡು ಬಣವಾಗಿ ಜಗಳಕ್ಕೆ ನಿಲ್ಲುವ ದೇಶ ಅದು. ಅಲ್ಲಿ ಇಷ್ಟೊಂದು ಒಮ್ಮತ ಹಿಂದೆಂದೂ ಕಂಡಿರಲಿಕ್ಕಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆ ಮತ್ತೆ ಕೇಳಿತು. ಬರಲಿ ಅಂದವರು ಈ ಸಲ 53.

ಎರಡೂವರೆ ವರ್ಷದಲ್ಲಿ ನಲವತ್ತೊಂದು ಅಂಕ ಕಳಚಿಬಿದ್ದದ್ದನ್ನು ನೋಡಿ, ಜನರ ಕನಿಕರವೇ ಅಷ್ಟು, ನೆಂಟರು ನಾಲ್ಕು ದಿನ ಹೆಚ್ಚಿಗೆ ಉಳಿದರೆ ಮನೆಯವರ ಮುಖ ಗಂಟಾಗುತ್ತದೆ ಎಂದು ಹೇಳಿ ಮುಗಿಸಬಹುದು. ಆ ದೇಶದಲ್ಲಿ ನಡೆದದ್ದನ್ನು ಮೊದಲಿನಿಂದ ಗಮನಿಸುತ್ತ ಬಂದ ನನಗೆ ಆ ಮಾತು ಸಾಲದು ಅನ್ನಿಸುತ್ತದೆ. ಜನ ಒಂದು ಭಾರವನ್ನು ತಾವಾಗಿಯೇ ಹೆಗಲಿಗೆ ಏರಿಸಿಕೊಂಡರು. ಅದನ್ನು ಹಂಚಿಕೊಳ್ಳಬೇಕಾದವರು ತಡ ಮಾಡಿದರು. ಆ ಭಾರವನ್ನು ತೋರಿಸಿ ಮತ ಕೇಳುವವರು ಮಾತ್ರ ತಡ ಮಾಡಲಿಲ್ಲ. ಇನ್ನೊಂದು ಸಂಗತಿಯಿದೆ, ಅದು ಇದಕ್ಕಿಂತ ಹೆಚ್ಚು ನೋಯಿಸುವಂಥದ್ದು. 94 ಮಂದಿ ತೆರೆದ ಆ ಬಾಗಿಲು ಯುದ್ಧದಿಂದ ಓಡಿಬಂದ ಎಲ್ಲರಿಗೂ ತೆರೆದಿರಲಿಲ್ಲ.

ಪ್ಶೆಮಿಶ್ಲ್ ನಿಲ್ದಾಣ

ಉಕ್ರೇನಿನ ಲ್ವಿವ್ ನಗರದಿಂದ ಪಶ್ಚಿಮಕ್ಕೆ ಹೊರಟರೆ ಗಡಿಯಲ್ಲಿ ಮೆಡಿಕಾ ಎಂಬ ಹಳ್ಳಿ, ಅದನ್ನು ದಾಟಿದರೆ ಪ್ಶೆಮಿಶ್ಲ್ ಎಂಬ ಪಟ್ಟಣ. ಅರವತ್ತು ಸಾವಿರದಷ್ಟು ಜನ ಇರುವ ಹಳೆಯ ಊರು. 2022ರ ಫೆಬ್ರುವರಿ 24ರಂದು ರಷ್ಯಾದ ಸೈನ್ಯ ಉಕ್ರೇನಿಗೆ ನುಗ್ಗಿತು. ಮಾರ್ಚ್ 6ರ ಹೊತ್ತಿಗೆ ಪೋಲೆಂಡಿನ ಗಡಿ ದಾಟಿದವರು ಹತ್ತು ಲಕ್ಷ. ಅವರಲ್ಲಿ ಬಹುಪಾಲು ಜನ ಹಾದುಹೋದದ್ದು ಈ ಊರಿನ ಸುತ್ತಲಿನ ಗಡಿಠಾಣೆಗಳಿಂದ, ಈ ಊರಿನ ರೈಲು ನಿಲ್ದಾಣದಿಂದ.

ಬಂದವರು ಹೆಂಗಸರು, ಮಕ್ಕಳು, ಮುದುಕರು. 18ರಿಂದ 60 ವರ್ಷದ ಗಂಡಸರು ದೇಶ ಬಿಡಬಾರದೆಂದು ಉಕ್ರೇನ್ ಸರ್ಕಾರ ಆಜ್ಞೆ ಮಾಡಿತ್ತು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬೆಕ್ಕಿನ ಬುಟ್ಟಿ, ಗಂಡನನ್ನು ಗಡಿಯಾಚೆ ಬಿಟ್ಟು ಬಂದ ಮುಖ. ಈ ಚಿತ್ರ ಪೋಲೆಂಡಿನ ಮನಸ್ಸಿನ ಮೇಲೆ ಮಾಡಿದ ಪರಿಣಾಮ ದೊಡ್ಡದು. ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲೆ ಪೋಲಿಷ್ ತಾಯಂದಿರು ತಮ್ಮ ಮಕ್ಕಳ ತಳ್ಳುಗಾಡಿಗಳನ್ನು ಸಾಲಾಗಿ ಇಟ್ಟುಹೋದರು, ರೈಲಿಳಿದು ಬರುವ ತಾಯಂದಿರಿಗೆ ಬೇಕಾದೀತೆಂದು. ಆ ಫೋಟೊ ಜಗತ್ತೆಲ್ಲ ಸುತ್ತಿತು. ಫೋಟೊಗೆ ಬೀಳದ ಕೆಲಸ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನದು. ದೂರದ ಊರುಗಳಿಂದ ಕಾರು ತಂದವರು ಯಾವ ಊರಿಗೆ, ಎಷ್ಟು ಜನರನ್ನು ಕರೆದೊಯ್ಯಬಲ್ಲೆವು ಎಂದು ರಟ್ಟಿನ ಮೇಲೆ ಬರೆದು ಹಿಡಿದು ನಿಂತರು. ಊರ ಹೊರಗಿನ ಮುಚ್ಚಿದ ಟೆಸ್ಕೊ ಮಳಿಗೆಯ ನೆಲದ ತುಂಬ ಮಂಚಗಳು ಬಂದವು. ಶಾಲೆಯ ಜಿಮ್, ಚರ್ಚಿನ ಸಭಾಂಗಣ, ಅಗ್ನಿಶಾಮಕ ಠಾಣೆ ಎಲ್ಲ ಕಡೆ ಹಾಸಿಗೆ, ಬಿಸಿ ಸೂಪು.

ಪೋಲೆಂಡ್ ಆ ದಿನಗಳಲ್ಲಿ ಗಡಿಯುದ್ದಕ್ಕೂ ದೊಡ್ಡ ಟೆಂಟು ಶಿಬಿರಗಳನ್ನು ಕಟ್ಟಲಿಲ್ಲ. ಬಂದವರು ಜನರ ಮನೆಗಳೊಳಗೆ ಹೋದರು. ಒಂದು ಫ್ಲ್ಯಾಟಿನ ಎರಡು ಕೋಣೆಯಲ್ಲಿ ಒಂದನ್ನು ಅಪರಿಚಿತರಿಗೆ ಬಿಟ್ಟುಕೊಟ್ಟು ವಾರಗಟ್ಟಲೆ, ತಿಂಗಳುಗಟ್ಟಲೆ ಜೊತೆಗೆ ಬಾಳಿದ ಕುಟುಂಬಗಳು ಎಷ್ಟೆಷ್ಟೋ. ಸರ್ಕಾರ ಇಂಥ ಮನೆಯವರಿಗೆ ತಲೆಗೆ ದಿನಕ್ಕೆ 40 ಝ್ಲೋಟಿ ಕೊಡುವ ವ್ಯವಸ್ಥೆ ಮಾಡಿತಾದರೂ, ಮೊದಲ ವಾರಗಳಲ್ಲಿ ಬಾಗಿಲು ತೆರೆದವರು ಹಣ ಬರುತ್ತದೋ ಇಲ್ಲವೋ ಎಂದು ಕೇಳದೆಯೇ ತೆರೆದವರು.

ಇದನ್ನು ಸರಿಯಾಗಿ ಅಳೆಯಬೇಕಾದರೆ ಆ ಊರಿನ ಹಳೆಯ ಗಾಯವನ್ನೂ ತಿಳಿದಿರಬೇಕು. ಎರಡನೇ ಮಹಾಯುದ್ಧದ ನಡುವೆ, 1943–44ರಲ್ಲಿ, ವೊಲಿನಿಯಾ ಸೀಮೆಯಲ್ಲಿ ಉಕ್ರೇನಿಯನ್ ಬಂಡುಕೋರ ಸೇನೆ ಹತ್ತಾರು ಸಾವಿರ ಪೋಲಿಷ್ ಹಳ್ಳಿಗರನ್ನು ಕೊಂದಿತು. 1947ರಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ‘ವಿಸ್ಟುಲಾ ಕಾರ್ಯಾಚರಣೆ’ ನಡೆಸಿ, ಇದೇ ಆಗ್ನೇಯ ಭಾಗದಲ್ಲಿದ್ದ ಸುಮಾರು 1 ಲಕ್ಷ 40 ಸಾವಿರ ಉಕ್ರೇನಿಯನ್ನರನ್ನು ಎಬ್ಬಿಸಿ ದೇಶದ ಇನ್ನೊಂದು ತುದಿಗೆ ಚದುರಿಸಿತು. ಎರಡೂ ಕಡೆಯ ಅಜ್ಜಿಯರ ಬಾಯಲ್ಲಿ ಈ ಕಥೆಗಳು ಇನ್ನೂ ಇವೆ. 2016ರ ಜೂನ್‌ನಲ್ಲಿ ಪ್ಶೆಮಿಶ್ಲ್ ಬೀದಿಯಲ್ಲೇ ಉಕ್ರೇನಿಯನ್ನರ ಧಾರ್ಮಿಕ ಮೆರವಣಿಗೆಯ ಮೇಲೆ ರಾಷ್ಟ್ರವಾದಿ ಯುವಕರು ಬಿದ್ದಿದ್ದರು. ಆರು ವರ್ಷದ ನಂತರ ಅದೇ ಬೀದಿಗಳ ಜನ ಉಕ್ರೇನಿಯನ್ ಅಜ್ಜಿಯರ ಗಂಟುಮೂಟೆ ಹೊತ್ತರು. ಮನುಷ್ಯರ ಮೇಲೆ ನಂಬಿಕೆ ಕಳೆದುಕೊಳ್ಳುವಂಥ ಸುದ್ದಿಗಳ ನಡುವೆ ನಾನು ಮತ್ತೆ ಮತ್ತೆ ನೆನೆಯುವುದು ಇದನ್ನೇ.

ಸೂಪಿಗಿಂತ ಮುಖ್ಯವಾದದ್ದು

ಕ್ಯಾಮೆರಾಗಳು ಸೂಪಿನ ಕಡೆ ನೋಡುತ್ತಿದ್ದಾಗ ಬ್ರಸೆಲ್ಸ್ ಮತ್ತು ವಾರ್ಸಾದಲ್ಲಿ ಎರಡು ತೀರ್ಮಾನಗಳಾದವು. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇಲ್ಲಿದೆ. 1990ರ ದಶಕದ ಬೋಸ್ನಿಯಾ ಮತ್ತು ಕೊಸೊವೊ ಯುದ್ಧಗಳ ಅನುಭವದಿಂದ ಯುರೋಪ್ ಒಕ್ಕೂಟ 2001ರಲ್ಲಿ ‘ತಾತ್ಕಾಲಿಕ ರಕ್ಷಣೆ’ಯ ನಿಯಮವೊಂದನ್ನು ಮಾಡಿ ಇಟ್ಟಿತ್ತು. ಇಪ್ಪತ್ತು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಸಿರಿಯಾದ ಜನ ಬಂದಾಗಲೂ ಇಲ್ಲ, ಅಫ್ಗಾನರು ಬಂದಾಗಲೂ ಇಲ್ಲ. 2022ರ ಮಾರ್ಚ್ 4ರಂದು ಮೊದಲ ಬಾರಿಗೆ ಅದು ಜಾರಿಗೆ ಬಂತು. ಎಂಟು ದಿನದಲ್ಲಿ ಪೋಲೆಂಡ್ ತನ್ನದೇ ವಿಶೇಷ ಕಾಯ್ದೆ ಮಾಡಿತು.

ಅದರ ಪ್ರಕಾರ ಉಕ್ರೇನಿನಿಂದ ಬಂದವಳೊಬ್ಬಳು ಪುರಸಭೆ ಕಚೇರಿಗೆ ಹೋಗಿ ‘ಪೆಸೆಲ್’ ಎಂಬ ಗುರುತಿನ ಸಂಖ್ಯೆ ಪಡೆದರೆ ಸಾಕಿತ್ತು. ನಮ್ಮ ಆಧಾರ್ ಇದ್ದ ಹಾಗೆ ಅದು. ಕೆಲಸ ಮಾಡಬಹುದಿತ್ತು, ಸರ್ಕಾರಿ ಆಸ್ಪತ್ರೆಗೆ ಹೋಗಬಹುದಿತ್ತು, ಮಗುವನ್ನು ಶಾಲೆಗೆ ಸೇರಿಸಬಹುದಿತ್ತು, ಪೋಲಿಷ್ ತಾಯಂದಿರಿಗೆ ಸಿಗುವ ಮಕ್ಕಳ ಭತ್ಯೆಯನ್ನೂ ಪಡೆಯಬಹುದಿತ್ತು. ಬೇರೆ ದೇಶದಿಂದ ಬಂದು ಆಶ್ರಯಕ್ಕೆ ಅರ್ಜಿ ಹಾಕುವವರ ಪಾಡು ಹಾಗಲ್ಲ. ಪೋಲೆಂಡಿನಲ್ಲಿ ಅಂಥವರು ಆರು ತಿಂಗಳು ಕಾಯದೆ ಕೆಲಸಕ್ಕೆ ಸೇರುವಂತಿಲ್ಲ. ಶಿಬಿರದಲ್ಲಿ ಕೂತು ಗೋಡೆ ನೋಡಬೇಕು. ಆಮೇಲೆ ಊರಿನವರು ಇವರನ್ನು ನೋಡಿ, ಬಿಟ್ಟಿ ಊಟ ಮಾಡಿಕೊಂಡು ಬಿದ್ದಿದ್ದಾರೆ ಅನ್ನುತ್ತಾರೆ. ಕೈ ಕಟ್ಟಿಹಾಕಿದ್ದು ಕಾನೂನು, ಸೋಮಾರಿ ಎಂಬ ಹೆಸರು ಕೈ ಕಟ್ಟಿಸಿಕೊಂಡವನಿಗೆ.

ಉಕ್ರೇನಿನವರ ಕೈಯನ್ನು ಕಟ್ಟಲಿಲ್ಲ. ಫಲ ಏನಾಯಿತು? ಪೋಲೆಂಡಿನಲ್ಲಿ ಉಳಿದ ಸುಮಾರು ಹತ್ತು ಲಕ್ಷ ನಿರಾಶ್ರಿತರಲ್ಲಿ ದುಡಿಯುವ ವಯಸ್ಸಿನವರ ಪೈಕಿ ನೂರಕ್ಕೆ 69ರಷ್ಟು ಮಂದಿ 2024ರ ಹೊತ್ತಿಗೆ ಕೆಲಸದಲ್ಲಿದ್ದರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗಾಗಿ ಡೆಲಾಯ್ಟ್ ಮಾಡಿದ ಲೆಕ್ಕದಂತೆ, ಆ ವರ್ಷ ಪೋಲೆಂಡಿನ ಒಟ್ಟು ದೇಶೀಯ ಉತ್ಪನ್ನದಲ್ಲಿ ಶೇ 2.7ರಷ್ಟು ಈ ನಿರಾಶ್ರಿತರಿಂದ ಆದದ್ದು. ಕೀವ್‌ನಲ್ಲಿ ಶಿಕ್ಷಕಿಯಾಗಿದ್ದವಳು ವಾರ್ಸಾದಲ್ಲಿ ಹೋಟೆಲ್ ಕೋಣೆ ಗುಡಿಸುತ್ತಾಳೆ, ಲೆಕ್ಕಪತ್ರ ನೋಡುತ್ತಿದ್ದವಳು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಾಳೆ. ಓದಿಗೆ ತಕ್ಕ ಕೆಲಸ ಸಿಕ್ಕವರು ಕಡಿಮೆ, ಆ ನೋವು ಬೇರೆಯೇ ಇದೆ. ಆದರೂ ತಿಂಗಳ ಕೊನೆಗೆ ಅವಳ ಕೈಗೆ ಅವಳದೇ ಸಂಬಳ ಬರುತ್ತದೆ.

ಹತ್ತು ಲಕ್ಷ ಜನ ಶಿಬಿರಗಳಿಲ್ಲದೆಯೇ ಹೇಗೆ ಒಳಸೇರಿದರು ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. 2014ರಲ್ಲಿ ಕ್ರಿಮಿಯಾ ಉಕ್ರೇನಿನ ಕೈತಪ್ಪಿ ಡಾನ್‌ಬಾಸ್‌ನಲ್ಲಿ ಯುದ್ಧ ಶುರುವಾದಾಗಿನಿಂದಲೇ ಹತ್ತು ಲಕ್ಷಕ್ಕೂ ಹೆಚ್ಚು ಉಕ್ರೇನಿಯನ್ನರು ಪೋಲೆಂಡಿನ ಕಟ್ಟಡ ಕೆಲಸ, ಕಾರ್ಖಾನೆ, ಹಣ್ಣಿನ ತೋಟ, ಮುದುಕರ ಆರೈಕೆಗೆ ಬಂದಿದ್ದರು. ಹಾಗಾಗಿ 2022ರಲ್ಲಿ ಬಂದ ಹೆಂಗಸಿಗೆ ಮೊದಲೇ ಬಂದಿದ್ದ ಅಣ್ಣನೋ ಅತ್ತಿಗೆಯೋ ಇದ್ದರು. ಪೋಲಿಷರಿಗೂ ಉಕ್ರೇನಿಯನ್ ಎಂದರೆ ಟಿ.ವಿ.ಯಲ್ಲಿ ಕಾಣುವ ಗುಂಪಾಗಿರಲಿಲ್ಲ, ಅಮ್ಮನನ್ನು ನೋಡಿಕೊಂಡ ನರ್ಸಮ್ಮ, ಮನೆಗೆ ಟೈಲ್ಸ್ ಹಾಕಿದ ಮೇಸ್ತ್ರಿ.

53ಕ್ಕೆ ಇಳಿದದ್ದು ಹೇಗೆ

ಹಾಗಿದ್ದೂ ಮನಸ್ಸು ಯಾಕೆ ತಿರುಗಿತು? ತಿರುಗುವ ಸೂಚನೆ ಬಹಳ ಬೇಗ ಸಿಕ್ಕಿತ್ತು. 2022ರ ಶರತ್ಕಾಲದಲ್ಲೇ ಪ್ಶೆಮಿಸ್ವಾವ್ ಸದುರಾ ಮತ್ತು ಸ್ವಾವೊಮಿರ್ ಸೆರಕೋವ್ಸ್ಕಿ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಒಂದು ವರದಿ ಹೊರತಂದರು. ‘ಪೋಲಿಷರು ಉಕ್ರೇನಿನ ಪರ, ಆದರೆ ಉಕ್ರೇನಿಯನ್ನರ ವಿರುದ್ಧ’ ಎಂಬುದು ಅದರ ತಲೆಬರಹ. ಸಮೀಕ್ಷೆಯ ಪ್ರಶ್ನೆಗೆ ಹೌದು ಎಂದವರೇ ಹತ್ತು ಜನ ಕೂತು ಮಾತಾಡುವಾಗ ಬೇರೆಯದನ್ನು ಹೇಳುತ್ತಿದ್ದರು: ಡಾಕ್ಟರ ಬಳಿ ಕ್ಯೂ ಉದ್ದವಾಯಿತು, ಶಿಶುವಿಹಾರದಲ್ಲಿ ಸೀಟಿಲ್ಲ, ಅವರು ನಮಗಿಂತ ದೊಡ್ಡ ಕಾರಿನಲ್ಲಿ ಓಡಾಡುತ್ತಾರೆ, ನಮಗೆ ಕೊಡದ್ದನ್ನು ಅವರಿಗೆ ಕೊಡುತ್ತಾರೆ.

ಈ ದೂರುಗಳನ್ನು ಕೆಟ್ಟತನ ಎಂದು ತಳ್ಳಿಹಾಕಲು ನಾನು ಒಪ್ಪಲಾರೆ. ಪೋಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಯೂ ಉದ್ದವಿದ್ದದ್ದು ಯುದ್ಧಕ್ಕೆ ಮುಂಚಿನಿಂದಲೂ ನಿಜ. ದೊಡ್ಡ ನಗರಗಳಲ್ಲಿ ಬಾಡಿಗೆ ಮನೆಗಳು ಸಾಲದೆ ಇದ್ದದ್ದೂ ನಿಜ. ಅದರ ಮೇಲೆ 2023ರ ಫೆಬ್ರುವರಿಯಲ್ಲಿ ಹಣದುಬ್ಬರ ಶೇ 18ನ್ನು ದಾಟಿತು. ಬ್ರೆಡ್ಡು, ಗ್ಯಾಸು, ಕಲ್ಲಿದ್ದಲು ಎಲ್ಲ ದುಬಾರಿ. ಮನೆಯಲ್ಲಿ ಇರಿಸಿಕೊಂಡವರಿಗೆ ಸಿಗುತ್ತಿದ್ದ 40 ಝ್ಲೋಟಿಯನ್ನು ಬಹುತೇಕರಿಗೆ 120 ದಿನಕ್ಕೆ ನಿಲ್ಲಿಸಿದ್ದೂ ಆಗಿತ್ತು. ಆ ಹೊತ್ತಿಗೆ ಹೊಸ ಬಾಡಿಗೆ ಮನೆಗಳನ್ನು ಕಟ್ಟಿಸಿ, ಡಾಕ್ಟರುಗಳನ್ನು ನೇಮಿಸಿ, ಶಾಲೆಗಳಿಗೆ ಎರಡೂ ಭಾಷೆ ಬಲ್ಲ ಸಹಾಯಕರನ್ನು ಕೊಟ್ಟಿದ್ದರೆ ಕಹಿ ಇಷ್ಟು ಬೇಗ ಹೆಪ್ಪುಗಟ್ಟುತ್ತಿರಲಿಲ್ಲ. ಜನರ ಒಳ್ಳೆಯತನವನ್ನು ಸರ್ಕಾರ ಬಜೆಟ್ಟಿನ ಒಂದು ಸಾಲಿನ ಹಾಗೆ ಬಳಸಿಕೊಂಡಿತು. ಅದು ಖರ್ಚಾದಾಗ ತುಂಬಿಸಲು ಮುಂದೆ ಬರಲಿಲ್ಲ.

ಆಮೇಲೆ ಧಾನ್ಯದ ಜಗಳ ಬಂತು. ಕಪ್ಪು ಸಮುದ್ರದ ದಾರಿ ಕಟ್ಟಾದ ಉಕ್ರೇನಿನ ಗೋಧಿ, ಮೆಕ್ಕೆಜೋಳ ಪೋಲೆಂಡಿನ ಮೂಲಕ ಸಾಗತೊಡಗಿ, ಅಲ್ಲೇ ಮಾರಾಟವೂ ಆಗಿ, ಅಲ್ಲಿನ ರೈತರಿಗೆ ಬೆಲೆ ಬಿತ್ತು. 2023ರ ಏಪ್ರಿಲ್‌ನಲ್ಲಿ ಪೋಲೆಂಡ್ ಆ ಧಾನ್ಯದ ಆಮದನ್ನೇ ನಿಷೇಧಿಸಿತು. ವರ್ಷದ ಕೊನೆಗೆ ಲಾರಿ ಮಾಲೀಕರು, 2024ರ ಆರಂಭದಲ್ಲಿ ರೈತರು ಗಡಿಯನ್ನು ಅಡ್ಡಗಟ್ಟಿದರು. ವೊಲಿನಿಯಾದಲ್ಲಿ ಕೊಲೆಯಾದವರ ಎಲುಬುಗಳನ್ನು ಅಗೆದು ಸಂಸ್ಕಾರ ಮಾಡಲು ಉಕ್ರೇನ್ ಬಿಡುತ್ತಿಲ್ಲ ಎಂಬ ಹಳೆಯ ತಕರಾರು ಮೇಲೆದ್ದಿತು. ಸಾಮಾಜಿಕ ಜಾಲತಾಣಗಳಲ್ಲಿ ರಷ್ಯಾದ ಕಡೆಯಿಂದ ಹರಿದುಬಂದ ಸುಳ್ಳುಗಳು ಈ ಪ್ರತಿಯೊಂದು ಗಾಯಕ್ಕೂ ಉಪ್ಪು ಸುರಿದವು. ಇದರಲ್ಲಿ ಯಾವುದಕ್ಕೂ ವಾರ್ಸಾದ ಹೋಟೆಲಿನಲ್ಲಿ ಕೋಣೆ ಗುಡಿಸುವ ಶಿಕ್ಷಕಿ ಹೊಣೆಯಲ್ಲ. ಸಿಟ್ಟು ಮಾತ್ರ ಟ್ರಾಮಿನಲ್ಲಿ ಉಕ್ರೇನಿಯನ್ ಭಾಷೆಯಲ್ಲಿ ಫೋನು ಮಾಡಿದ ಅವಳ ಮೇಲೆಯೇ ಬಿತ್ತು.

2025ರ ರಾಷ್ಟ್ರಾಧ್ಯಕ್ಷ ಚುನಾವಣೆಯ ವೇಳೆಗೆ ರಾಜಕಾರಣಿಗಳು ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿಕೊಂಡರು. ಮಕ್ಕಳ ಭತ್ಯೆ 2024ರ ಜನವರಿಯಿಂದ ಮಗುವಿಗೆ ತಿಂಗಳಿಗೆ 500ರಿಂದ 800 ಝ್ಲೋಟಿಗೆ ಏರಿತ್ತು. ಅದನ್ನು ಕೆಲಸ ಮಾಡುವ, ತೆರಿಗೆ ಕಟ್ಟುವ ಉಕ್ರೇನಿಯನ್ನರಿಗೆ ಮಾತ್ರ ಕೊಡಬೇಕು ಎಂದು ಮೊದಲು ದೊಡ್ಡ ದನಿಯಲ್ಲಿ ಹೇಳಿದವರಲ್ಲಿ ಉದಾರವಾದಿ ಅಭ್ಯರ್ಥಿ, ವಾರ್ಸಾದ ಮೇಯರ್ ರಫಾವ್ ಟ್ಶಾಸ್ಕೋವ್ಸ್ಕಿ ಕೂಡ ಇದ್ದರು. ನನಗೆ ಹೆಚ್ಚು ನಿರಾಸೆಯಾದದ್ದು ಅದರಿಂದಲೇ. ಎದುರಾಳಿ ಹಾಗೆ ಹೇಳುವುದು ಎಲ್ಲರೂ ನಿರೀಕ್ಷಿಸಿದ್ದೇ. ‘ಮೊದಲು ಪೋಲಿಷರು’ ಎಂದ ಕರೋಲ್ ನವ್ರೋಟ್ಸ್ಕಿ ಜೂನ್ 1ರ ಮತದಾನದಲ್ಲಿ ಗೆದ್ದರು. ಆಗಸ್ಟ್ 25ರಂದು ನಿರಾಶ್ರಿತರ ನೆರವನ್ನು ವಿಸ್ತರಿಸುವ ಮಸೂದೆಗೆ ಸಹಿ ಹಾಕಲು ನಿರಾಕರಿಸಿದರು. ದುಡಿಯುವ ವಯಸ್ಸಿನ ನೂರರಲ್ಲಿ ಎಪ್ಪತ್ತರಷ್ಟು ಜನ ದುಡಿಯುತ್ತಿರುವ ಸಮುದಾಯವೊಂದನ್ನು ಕುರಿತು ‘ದುಡಿಯಲಿ’ ಎಂದು ದೇಶವೇ ಚರ್ಚಿಸಿತು.

ಅದೇ ದೇಶದ ಇನ್ನೊಂದು ಗಡಿ

ಪ್ಶೆಮಿಶ್ಲ್‌ನ ಉತ್ತರಕ್ಕೆ, ಬೆಲಾರೂಸ್ ಗಡಿಯಲ್ಲಿ, ಬಿಯಾವೊವೆಝಾ ಕಾಡು ಇದೆ. ಯುರೋಪಿನ ಕಾಡೆಮ್ಮೆಗಳು ಉಳಿದಿರುವ ಪ್ರಾಚೀನ ಅರಣ್ಯ, ಯುನೆಸ್ಕೊ ಪಟ್ಟಿಯಲ್ಲಿರುವಂಥದ್ದು. 2021ರ ಬೇಸಿಗೆಯಲ್ಲಿ ಬೆಲಾರೂಸಿನ ಸರ್ವಾಧಿಕಾರಿ ಅಲೆಕ್ಸಾಂಡರ್ ಲುಕಶೆಂಕೊ ಯುರೋಪಿನ ಮೇಲಿನ ಸೇಡಿಗೆ ಒಂದು ಹೀನ ಉಪಾಯ ಹೂಡಿದ. ಇರಾಕ್, ಸಿರಿಯಾ, ಅಫ್ಗಾನಿಸ್ತಾನಗಳ ಜನ ವಿಮಾನದಲ್ಲಿ ಮಿನ್ಸ್ಕ್‌ಗೆ ಬಂದಿಳಿಯುವಂತೆ ಮಾಡಿ, ಅವರನ್ನು ಈ ಕಾಡಿನ ಗಡಿಗೆ ಅಟ್ಟಿದ. ಪೋಲೆಂಡಿನ ಗಡಿ ಕಾವಲು ಪಡೆ ಅವರನ್ನು ಹಿಂದಕ್ಕೆ ತಳ್ಳಿತು. ಆ ಕಡೆಯವರು ಮತ್ತೆ ಮುಂದಕ್ಕೆ. ಉಸ್ನಾರ್ಜ್ ಗುರ್ನಿ ಎಂಬ ಹಳ್ಳಿಯ ಪಕ್ಕ 32 ಅಫ್ಗಾನರು ಎರಡು ದೇಶಗಳ ಸೈನಿಕರ ನಡುವಿನ ತುಂಡು ನೆಲದಲ್ಲಿ ವಾರಗಟ್ಟಲೆ ಕೂತರು. ಕಾಬೂಲ್ ತಾಲಿಬಾನಿನ ಕೈಗೆ ಬಿದ್ದ ಅದೇ ಆಗಸ್ಟ್ ತಿಂಗಳು ಅದು.

ಸೆಪ್ಟೆಂಬರ್ 2ರಂದು ಗಡಿಯುದ್ದದ 183 ಊರುಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪತ್ರಕರ್ತರು, ವೈದ್ಯರು, ಸ್ವಯಂಸೇವಕರು ಯಾರೂ ಒಳಗೆ ಹೋಗುವಂತಿಲ್ಲ. ಚಳಿಗೆ, ಜೌಗಿನಲ್ಲಿ ಸಿಕ್ಕಿ, ನದಿಯಲ್ಲಿ ಮುಳುಗಿ ಜನ ಸತ್ತರು. ಆಗಲೂ ಕೆಲವು ಹಳ್ಳಿಗರು ರಾತ್ರಿ ಕಿಟಕಿಯಲ್ಲಿ ಹಸಿರು ದೀಪ ಹಚ್ಚಿಟ್ಟರು. ಈ ಮನೆಗೆ ಬಂದರೆ ಊಟ, ಒಣಬಟ್ಟೆ ಸಿಗುತ್ತದೆ, ಪೊಲೀಸರಿಗೆ ಹಿಡಿದುಕೊಡುವುದಿಲ್ಲ ಎಂದು ಅದರ ಅರ್ಥ. 2022ರ ಜೂನ್ ಹೊತ್ತಿಗೆ ಕಾಡನ್ನು ಸೀಳಿಕೊಂಡು 186 ಕಿಲೋಮೀಟರ್ ಉದ್ದದ, ಐದೂವರೆ ಮೀಟರ್ ಎತ್ತರದ ಉಕ್ಕಿನ ಗೋಡೆ ಎದ್ದಿತ್ತು.

2022ರ ಮಾರ್ಚ್ ತಿಂಗಳನ್ನೇ ತೆಗೆದುಕೊಳ್ಳಿ. ಮೆಡಿಕಾದಲ್ಲಿ ಉಕ್ರೇನಿಯನ್ ತಾಯಿ ಮಕ್ಕಳನ್ನು ಕಾರಿಗೆ ಹತ್ತಿಸಿಕೊಂಡವರನ್ನು ದೇಶ ಹೊಗಳುತ್ತಿತ್ತು. ಅದೇ ತಿಂಗಳು ಉತ್ತರದ ಕಾಡಿನ ಅಂಚಿನಲ್ಲಿ ಏಳು ಮಕ್ಕಳಿದ್ದ ಇರಾಕಿ ಕುರ್ದ್ ಕುಟುಂಬವೊಂದಕ್ಕೆ ಮತ್ತು ಈಜಿಪ್ಟಿನ ಒಬ್ಬನಿಗೆ ಊಟ, ಬಟ್ಟೆ ಕೊಟ್ಟು ಕಾರಿನಲ್ಲಿ ಕೂರಿಸಿಕೊಂಡ ಐವರ ಮೇಲೆ ಮೊಕದ್ದಮೆ ಬಿತ್ತು. ಅಪರಾಧ ಸಾಬೀತಾದರೆ ಐದು ವರ್ಷದವರೆಗೆ ಜೈಲು.

ಗೋಡೆಯ ಪರ ಮಾತಾಡುವ ಪೋಲಿಷರಿಗೆ ತಮ್ಮದೇ ಕಾರಣಗಳಿವೆ, ಅವನ್ನು ಕೇಳಿಸಿಕೊಳ್ಳಲೇಬೇಕು. ಲುಕಶೆಂಕೊ ಜನರನ್ನು ಆಯುಧ ಮಾಡಿಕೊಂಡದ್ದು ಸುಳ್ಳಲ್ಲ. 2024ರ ಮೇ ಕೊನೆಯಲ್ಲಿ ಗೋಡೆಯ ಸಂದಿನಿಂದ ತೂರಿಬಂದ ಚಾಕು ತಗುಲಿದ ಯುವ ಪೋಲಿಷ್ ಸೈನಿಕನೊಬ್ಬ ಕೆಲವು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಇಡೀ ದೇಶ ಶೋಕದಲ್ಲಿತ್ತು. ಆದರೆ ಆಯುಧವಾಗಿ ಬಳಕೆಯಾದ ಮನುಷ್ಯನೂ ಮನುಷ್ಯನೇ, ಅವನ ಹಿಂದೆಯೂ ಒಂದು ಸುಟ್ಟ ಊರಿರಬಹುದು. ಇರುತ್ತದೆಯೇ ಇಲ್ಲವೇ ಎಂದು ತಿಳಿಯಲು ಇರುವುದು ಒಂದೇ ದಾರಿ: ಅವನ ಅರ್ಜಿಯನ್ನು ತೆಗೆದುಕೊಂಡು ವಿಚಾರಿಸುವುದು.

ಇದೆಲ್ಲ ಬಣ್ಣ, ಧರ್ಮದ ಪ್ರಶ್ನೆಯೇ ಎಂದರೆ, ಬಹುಪಾಲು ಹೌದು. 2015ರಲ್ಲಿ ಸಿರಿಯಾದವರು ಯುರೋಪಿಗೆ ಬರುತ್ತಿದ್ದಾಗ ಆಗಿನ ವಿರೋಧ ಪಕ್ಷದ ನಾಯಕ ಯಾರೊಸ್ವಾವ್ ಕಚಿನ್ಸ್ಕಿ, ಅವರು ರೋಗಾಣುಗಳನ್ನು ಹೊತ್ತು ತರಬಹುದು ಎಂದು ಚುನಾವಣಾ ಸಭೆಯಲ್ಲಿ ಹೇಳಿದ್ದರು. ಅವರ ಪಕ್ಷ ಗೆದ್ದಿತು. ಅದೇ ಪಕ್ಷದ ಸರ್ಕಾರವೇ 2022ರಲ್ಲಿ ಉಕ್ರೇನಿಯನ್ನರಿಗೆ ಬಾಗಿಲು ತೆರೆದದ್ದು. ಆದರೆ ಬಣ್ಣ ಧರ್ಮಗಳಿಂದಷ್ಟೇ ಎಲ್ಲ ವಿವರಿಸಲು ಆಗದು. 1999ರ ಎರಡನೇ ಚೆಚೆನ್ ಯುದ್ಧದ ನಂತರ ಹತ್ತಾರು ಸಾವಿರ ಚೆಚೆನ್ ಮುಸ್ಲಿಮರು ಟೆರೆಸ್ಪೋಲ್ ಗಡಿಠಾಣೆಗೆ ಬಂದು ಆಶ್ರಯ ಕೇಳಿದರು, ಪೋಲೆಂಡ್ ಅವರ ಅರ್ಜಿ ತೆಗೆದುಕೊಂಡಿತು. ಅವರೂ ರಷ್ಯಾದ ಬಾಂಬಿಗೆ ಸಿಕ್ಕವರೇ ತಾನೆ ಎಂದು ಜನ ಅಂದುಕೊಂಡಿದ್ದರು. 2015ರ ನಂತರ ಅದೇ ಠಾಣೆಯಲ್ಲಿ ಚೆಚೆನ್ನರನ್ನು ಮತ್ತೆ ಮತ್ತೆ ಹಿಂದಕ್ಕೆ ಕಳಿಸತೊಡಗಿದರು. ಅದು ತಪ್ಪು ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿತು. ಬಂದ ಜನ, ಅವರ ಧರ್ಮ, ಅವರು ಓಡಿಬಂದ ನಾಡು ಎಲ್ಲವೂ ಮೊದಲಿನದೇ. ನಡುವೆ ಬದಲಾದದ್ದು ವಾರ್ಸಾದ ವೇದಿಕೆಗಳ ಮೇಲಿನ ಮಾತು.

ಆ ಮಾತಿನ ಬೆಲೆಯನ್ನು ನಮ್ಮ ಮಕ್ಕಳೂ ತೆತ್ತಿದ್ದಾರೆ. ಯುದ್ಧ ಶುರುವಾದಾಗ ಉಕ್ರೇನಿನಲ್ಲಿ ಸುಮಾರು 20 ಸಾವಿರ ಭಾರತೀಯರಿದ್ದರು, ಬಹುತೇಕ ವೈದ್ಯಕೀಯ ಓದುವವರು, ಕರ್ನಾಟಕದವರೂ ನೂರಾರು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿಗೆ ಹೋಗಿದ್ದ ಹಾವೇರಿ ಜಿಲ್ಲೆಯ ಹುಡುಗ ಶೆಲ್ ದಾಳಿಗೆ ಬಲಿಯಾದ ಸುದ್ದಿ ನಮ್ಮ ಮನೆಮನೆಗೂ ಆ ಯುದ್ಧವನ್ನು ತಂದಿತು. ಲ್ವಿವ್‌ನಿಂದ ಗಡಿಯತ್ತ ಕಿಲೋಮೀಟರುಗಟ್ಟಲೆ ಹಿಮದಲ್ಲಿ ನಡೆದ ಭಾರತೀಯ ಮತ್ತು ಆಫ್ರಿಕಾದ ವಿದ್ಯಾರ್ಥಿಗಳನ್ನು ಉಕ್ರೇನಿನ ಕಾವಲುಗಾರರು ತಡೆದರು, ಕೆಲವರನ್ನು ಹೊಡೆದರು. ಬಿಳಿಯರಿಗೆ ಮೊದಲ ದಾರಿ. ಆಫ್ರಿಕನ್ ಒಕ್ಕೂಟ ಅದನ್ನು ಬಹಿರಂಗವಾಗಿ ಖಂಡಿಸಿತು. ಪೋಲೆಂಡ್ ಭಾರತೀಯರನ್ನು ವೀಸಾ ಇಲ್ಲದೆಯೇ ಒಳಗೆ ಬಿಟ್ಟಿತು, ಎಷ್ಟೋ ಹುಡುಗರು ಅಲ್ಲಿ ಬಿಸಿ ಊಟ ಕಂಡರು. ಆದರೆ ಅದೇ ವಾರ ಪ್ಶೆಮಿಶ್ಲ್ ಬೀದಿಗಳಲ್ಲಿ, ಕಪ್ಪು ಜನ ಅಪರಾಧ ಮಾಡುತ್ತಿದ್ದಾರೆ ಎಂಬ ಸುಳ್ಳು ಸುದ್ದಿ ಹಬ್ಬಿ, ಬಿಳಿಯರಲ್ಲದವರನ್ನು ಹುಡುಕಿಕೊಂಡು ಪುಂಡರ ಗುಂಪುಗಳು ತಿರುಗಿದವು. ಪೆಟ್ಟು ತಿಂದವರಲ್ಲಿ ಭಾರತೀಯರೂ ಇದ್ದರು. ತಳ್ಳುಗಾಡಿಗಳ ಸಾಲು ಕಂಡ ಅದೇ ನಿಲ್ದಾಣದ ಆಸುಪಾಸು, ಅದೇ ದಿನಗಳು.

ವಳಿವಡೆಯ ಪೋಲಿಷರು

ನಿಪ್ಪಾಣಿ ದಾಟಿ ಕೊಲ್ಹಾಪುರದ ಕಡೆ ಹೋಗುವ ನಮ್ಮವರಿಗೆ ವಳಿವಡೆ ಗೊತ್ತಿರಬಹುದು, ಪಂಚಗಂಗಾ ನದಿಯ ಬಯಲಿನ ಊರು. 1943ರಿಂದ 1948ರವರೆಗೆ ಅಲ್ಲಿ ಸುಮಾರು ಐದು ಸಾವಿರ ಪೋಲಿಷರು ಇದ್ದರು. 1940–41ರಲ್ಲಿ ಸೋವಿಯತ್ ಆಡಳಿತ ಪೂರ್ವ ಪೋಲೆಂಡಿನಿಂದ ಎತ್ತಿಕೊಂಡು ಸೈಬೀರಿಯಾ, ಕಝಾಕ್‌ಸ್ತಾನಗಳ ದುಡಿತಕ್ಕೆ ಹಾಕಿದ್ದ ಜನ ಅವರು. ಬಿಡುಗಡೆಯಾದ ಮೇಲೆ ಹಸಿದು, ರೋಗ ಹತ್ತಿ ಇರಾನಿಗೆ ಬಂದವರಲ್ಲಿ ಕೆಲವರಿಗೆ ಭಾರತ ಜಾಗ ಕೊಟ್ಟಿತು. ಜಾಮ್‌ನಗರದ ಹತ್ತಿರದ ಬಾಲಾಚಡಿಯಲ್ಲಿ ಜಾಮ್ ಸಾಹೇಬ್ ದಿಗ್ವಿಜಯಸಿಂಹ ನೂರಾರು ಅನಾಥ ಮಕ್ಕಳನ್ನು ತಮ್ಮ ಅರಮನೆಯ ಪಕ್ಕ ಇರಿಸಿಕೊಂಡು ಸಾಕಿದರು. ವಳಿವಡೆಯಲ್ಲಿ ತಾಯಂದಿರು, ಮುದುಕರು, ಮಕ್ಕಳಿಗಾಗಿ ಒಂದು ಊರೇ ಎದ್ದಿತು: ಪೋಲಿಷ್ ಶಾಲೆಗಳು, ಚರ್ಚು, ಆಸ್ಪತ್ರೆ, ಸ್ಕೌಟ್ ದಳ. ಖರ್ಚನ್ನು ಲಂಡನ್ನಿನಲ್ಲಿದ್ದ ದೇಶಭ್ರಷ್ಟ ಪೋಲಿಷ್ ಸರ್ಕಾರ ಹೊತ್ತಿತ್ತು. ಕೊಲ್ಹಾಪುರದ ತರಕಾರಿಯವರಿಗೆ, ಹಾಲಿನವರಿಗೆ, ಬಟ್ಟೆ ಅಂಗಡಿಯವರಿಗೆ ಅವರು ಗಿರಾಕಿಗಳಾದರು. ಬರಗಾಲ, ಪಡಿತರ, ಸ್ವಾತಂತ್ರ್ಯ ಚಳವಳಿಗಳ ನಡುವಿನ ಕಾಲ ಅದು. ಬಂದವರ ಅನ್ನದ ಭಾರ ಊರಿನವರ ತಟ್ಟೆಯ ಮೇಲೆ ಬೀಳದಿದ್ದದ್ದು ಆ ಸೌಹಾರ್ದ ಉಳಿಯಲು ಒಂದು ಕಾರಣ ಎಂದು ನನಗೆ ತೋರುತ್ತದೆ. ಪೋಲಿಷರು ಹೋದ ಮೇಲೆ ಅದೇ ಬರಾಕುಗಳಿಗೆ ದೇಶವಿಭಜನೆಯಲ್ಲಿ ಊರು ಕಳೆದುಕೊಂಡ ಸಿಂಧಿಗಳು ಬಂದರು. ಇವತ್ತಿಗೂ ಅದು ಸಿಂಧಿಗಳ ಗಾಂಧಿನಗರ.

ಪೋಲೆಂಡ್ ಇದನ್ನು ಮರೆತಿಲ್ಲ. ವಾರ್ಸಾದಲ್ಲಿ ಜಾಮ್ ಸಾಹೇಬರನ್ನು ನೆನೆದು ‘ಒಳ್ಳೆಯ ಮಹಾರಾಜನ ಚೌಕ’ ಇದೆ, ಕೊಲ್ಹಾಪುರಕ್ಕೂ ಒಂದು ಸ್ಮಾರಕ ಇದೆ. 2024ರ ಆಗಸ್ಟಿನಲ್ಲಿ ನಮ್ಮ ಪ್ರಧಾನಿ ಎರಡಕ್ಕೂ ಹೂವಿಟ್ಟು ಬಂದರು. ನಾವು ಹೆಮ್ಮೆ ಪಡುವುದು ನ್ಯಾಯವೇ. ಆದರೆ ನಮ್ಮ ದೇಶದಲ್ಲಿ ನಿರಾಶ್ರಿತರಿಗೆಂದೇ ಒಂದು ಕಾನೂನು ಇಂದಿಗೂ ಇಲ್ಲ, 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿಯೂ ಇಲ್ಲ. ಹಾಗಾಗಿ ಬೈಲುಕುಪ್ಪೆಯ ಟಿಬೆಟನ್ನರಿಗೆ 1960ರಲ್ಲಿ ಉಳುವ ಭೂಮಿ ಸಿಕ್ಕಿತು, 1983ರ ನಂತರ ಬಂದ ಶ್ರೀಲಂಕಾದ ತಮಿಳರಲ್ಲಿ ಎಷ್ಟೋ ಮಂದಿ ನಲವತ್ತು ವರ್ಷವಾದರೂ ತಮಿಳುನಾಡಿನ ನೂರಕ್ಕೂ ಹೆಚ್ಚು ಶಿಬಿರಗಳಲ್ಲೇ ಇದ್ದಾರೆ, ಮ್ಯಾನ್ಮಾರ್‌ನಿಂದ ಬಂದ ರೋಹಿಂಗ್ಯಾ ಕುಟುಂಬಗಳು ಬೆಂಗಳೂರಿನ ಹೊರವಲಯದ ಗುಡಿಸಲುಗಳಲ್ಲಿ ಚಿಂದಿ ಆಯುತ್ತ ಯಾವಾಗ ಎತ್ತಿ ಒಯ್ಯುತ್ತಾರೋ ಎಂದು ಬದುಕುತ್ತಾರೆ. ಯಾರಿಗೆ ಏನು ಸಿಗಬೇಕೆಂದು ಆಯಾ ಕಾಲದ ಸರ್ಕಾರದ ಮನಸ್ಸು ತೀರ್ಮಾನಿಸುತ್ತದೆ. ಪೋಲೆಂಡಿನ ಎರಡು ಗಡಿಗಳನ್ನು ನೋಡಿ ತಲೆಯಾಡಿಸುವ ಮುನ್ನ ನಾವು ಇದನ್ನು ನೋಡಿಕೊಳ್ಳಬೇಕು.

2025ರ ಸೆಪ್ಟೆಂಬರಿನಲ್ಲಿ ಪೋಲೆಂಡಿನಲ್ಲಿ ಎರಡು ತೀರ್ಮಾನಗಳು ಹೊರಬಿದ್ದವು. 8ನೇ ತಾರೀಖು, ಕುರ್ದ್ ಕುಟುಂಬಕ್ಕೆ ನೆರವಾದ ಐವರನ್ನು ನ್ಯಾಯಾಲಯ ಖುಲಾಸೆ ಮಾಡಿತು. ಮೂರೂವರೆ ವರ್ಷ ಅವರು ಆರೋಪಿಗಳಾಗಿ ಬದುಕಿದ್ದರು. ತಿಂಗಳ ಕೊನೆಯಲ್ಲಿ, ಉಕ್ರೇನಿಯನ್ನರ ವಿಶೇಷ ಕಾಯ್ದೆಯನ್ನು 2026ರ ಮಾರ್ಚ್ 4ರವರೆಗೆ ವಿಸ್ತರಿಸುವ ಮಸೂದೆಗೆ ರಾಷ್ಟ್ರಾಧ್ಯಕ್ಷರು ಸಹಿ ಹಾಕಿದರು, ಇದೇ ಕೊನೆಯ ಸಹಿ ಎಂದು ಎಚ್ಚರಿಸಿ. ಅದರಲ್ಲಿ ಮಕ್ಕಳ ಭತ್ಯೆಯನ್ನು ತಾಯಿ ತಂದೆಯರ ದುಡಿಮೆಗೆ ಕಟ್ಟಿಹಾಕಲಾಗಿತ್ತು. ಗಂಡ ಯುದ್ಧಭೂಮಿಯಲ್ಲಿದ್ದು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತ ಕೆಲಸಕ್ಕೆ ಹೋಗಲಾಗದ ಹೆಂಗಸಿಗೆ ಇದರಿಂದ ಪೆಟ್ಟು. ಬೆಲಾರೂಸ್ ಗಡಿಯಲ್ಲಿ ಆಶ್ರಯಕ್ಕೆ ಅರ್ಜಿ ಹಾಕುವ ಹಕ್ಕನ್ನು ಆ ವರ್ಷದ ಮಾರ್ಚ್‌ನಲ್ಲೇ ಅಮಾನತು ಮಾಡಲಾಗಿತ್ತು, ಅದೂ ಹಿಂದಿನ ಸರ್ಕಾರದ ಕ್ರೌರ್ಯವನ್ನು ಟೀಕಿಸಿ ಅಧಿಕಾರಕ್ಕೆ ಬಂದ ಡೊನಾಲ್ಡ್ ಟಸ್ಕ್ ಅವರ ಸರ್ಕಾರದಿಂದ. ಅಮಾನತಿನ ಅವಧಿ 60 ದಿನ. ಅದು ಮುಗಿಯುವ ಹೊತ್ತಿಗೆ ಮತ್ತೆ ಸಂಸತ್ತಿನ ಮುಂದೆ ಬರುತ್ತದೆ, ಸದಸ್ಯರು ಕೈ ಎತ್ತುತ್ತಾರೆ, ಇನ್ನೊಮ್ಮೆ 60 ದಿನ.